ತಿಳಿನೀರು ಮತ್ತು ಜೌಗುಗಾಳಿ: ಸರೋವರಗಳ ಪುನರುಜ್ಜೀವನವನ್ನು ಕುರಿತ ಈಚಿನ ಸಂಶೋಧನೆಯ ವಿಮರ್ಶೆ

೧

ಸಿಹಿನೀರಿನ ಜೀವಪರಿಸರವನ್ನು ಅಭ್ಯಾಸಮಾಡುವವರಿಗೆ ಇಂದು ಎರಡು ಸಂಶೋಧನಾಮಾರ್ಗಗಳು ಪರಿಚಿತವಾಗಿವೆ. ಕೆಟ್ಟುಹೋದ ಸರೋವರವನ್ನು ಮರಳಿ ಸುಸ್ಥಿತಿಗೆ ತರುವುದು ಹೇಗೆಂದು ವಿಚಾರಿಸುವುದು ಮೊದಲನೆಯದು. ಸರೋವರದ ಮೈಯಿಂದ ವಾಯುಮಂಡಲಕ್ಕೆ ಏರುವ ಇಂಗಾಲದ ಡೈಆಕ್ಸೈಡ್, ಮೀಥೇನ್ ಮೊದಲಾದ ಹಸಿರುಮನೆ ಅನಿಲಗಳನ್ನು ಅಳೆಯುವುದು ಎರಡನೆಯದು. ಬಹುಕಾಲ ಇವೆರಡೂ ಒಂದನ್ನೊಂದು ವಿಚಾರಿಸದೆಯೇ ನಡೆದುವು. ಮೊದಲನೆಯ ಮಾರ್ಗದವರು ನೀರಿನ ತಿಳಿತನವನ್ನೂ ಪಾಚಿಯ ಪ್ರಮಾಣವನ್ನೂ ನೋಡಿದರು. ಎರಡನೆಯವರು ಅನಿಲದ ಲೆಕ್ಕ ಬರೆದರು. ಈಚಿನ ವರ್ಷಗಳಲ್ಲಿ ಈ ಎರಡು ಮಾರ್ಗಗಳು ಕೂಡಿಕೊಂಡು, ಸರೋವರವನ್ನು ಸರಿಪಡಿಸಿದರೆ ಭೂಮಿಯ ತಾಪಕ್ಕೆ ಕಾರಣವಾದ ಅನಿಲವೂ ತಗ್ಗುವುದೆಂಬ ಒಂದು ಪ್ರತಿಜ್ಞೆ ರೂಪುಗೊಂಡಿದೆ. ಈ ಪ್ರತಿಜ್ಞೆಯಲ್ಲಿ ಸಿದ್ಧವಾದುದೆಷ್ಟು, ಅನುಮಾನದಿಂದ ಹೇಳಿದುದೆಷ್ಟು ಎಂಬುದನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಇದು ಪ್ರಯೋಗಶಾಲೆಯೊಳಗೇ ಮುಗಿಯುವ ಚರ್ಚೆಯಲ್ಲ. ಸರೋವರವನ್ನು ಸರಿಪಡಿಸುವುದಕ್ಕೆ ಹಣ ಬೇಕು. ಹಣ ಕೊಡುವವರು ಫಲವನ್ನು ಕೇಳುತ್ತಾರೆ. ಇಂಗಾಲದ ಉಳಿತಾಯವೇ ಮುಖ್ಯಫಲವೆಂದು ಮೊದಲೇ ಸಾರಿ, ಅನಂತರ ಆ ಉಳಿತಾಯ ಅಳತೆಗೆ ಸಿಕ್ಕದೆ ಹೋದರೆ, ಸರೋವರದ ಕೆಲಸವೇ ವ್ಯರ್ಥವೆಂದು ಕೈಬಿಡುವ ಸಂಭವವಿದೆ. ಅದಕ್ಕೆ ವಿರುದ್ಧವಾಗಿ, ಪಾಚಿ ತುಂಬಿದ ಕೊಳಕು ನೀರೇ ಇಂಗಾಲವನ್ನು ಹೆಚ್ಚು ಹೀರುತ್ತದೆಂಬ ಅರ್ಧಸತ್ಯವನ್ನು ಹಿಡಿದು, ಇದ್ದುದು ಇದ್ದಂತೆಯೇ ಇರಲೆಂದು ವಾದಿಸುವವರೂ ಹುಟ್ಟಬಹುದು. ಎರಡು ತಪ್ಪುಗಳಿಗೂ ದಾರಿ ಕೊಡದಂತೆ ಶಾಸ್ತ್ರವು ತನ್ನ ಮಾತನ್ನು ತೂಗಿ ಆಡಬೇಕಾಗಿದೆ.

೨

ಮೊದಲು ಪುನರುಜ್ಜೀವನದ ಸಂಶೋಧನೆಯನ್ನು ನೋಡೋಣ. ಇದರ ತಳಹದಿ ಬಲವಾದುದು. ೧೯೬೦ರ ದಶಕದಲ್ಲಿ ಉತ್ತರ ಅಮೆರಿಕದ ಸರೋವರಗಳಲ್ಲಿ ಪಾಚಿ ಮಿತಿಮೀರಿ ಬೆಳೆದಾಗ, ಅದಕ್ಕೆ ಕಾರಣ ಇಂಗಾಲವೋ ರಂಜಕವೋ ಎಂಬ ದೊಡ್ಡ ವಿವಾದವೆದ್ದಿತು. ಕೆನಡಾದ ಒಂಟಾರಿಯೊ ಪ್ರಾಂತದಲ್ಲಿ ೧೯೬೮ರಲ್ಲಿ ಸ್ಥಾಪಿತವಾದ ಪ್ರಾಯೋಗಿಕ ಸರೋವರ ಪ್ರದೇಶದಲ್ಲಿ ಡೇವಿಡ್ ಷಿಂಡ್ಲರ್ ಮತ್ತು ಅವರ ಸಹೋದ್ಯೋಗಿಗಳು ಈ ವಿವಾದವನ್ನು ಇಡಿಯ ಸರೋವರಗಳ ಮೇಲೆಯೇ ಪ್ರಯೋಗ ನಡೆಸಿ ಬಗೆಹರಿಸಿದರು. ೨೨೭ನೆಯ ಸಂಖ್ಯೆಯ ಸರೋವರದ ನೀರಿನಲ್ಲಿ ಇಂಗಾಲ ಅತ್ಯಲ್ಪವಾಗಿತ್ತು. ಅದಕ್ಕೆ ೧೯೬೯ರಿಂದ ರಂಜಕವನ್ನೂ ಸಾರಜನಕವನ್ನೂ ಸೇರಿಸುತ್ತ ಬರಲಾಗಿ ಪಾಚಿ ಸಮೃದ್ಧವಾಗಿ ಬೆಳೆಯಿತು. ಕೊರತೆಯಾದ ಇಂಗಾಲವನ್ನು ಸರೋವರ ಗಾಳಿಯಿಂದಲೇ ಎಳೆದುಕೊಂಡಿತು. ೧೯೭೩ರಲ್ಲಿ ೨೨೬ನೆಯ ಸರೋವರವನ್ನು ಪರದೆಯಿಂದ ಎರಡು ಭಾಗ ಮಾಡಿ, ಒಂದು ಭಾಗಕ್ಕೆ ಇಂಗಾಲ ಮತ್ತು ಸಾರಜನಕಗಳನ್ನೂ, ಇನ್ನೊಂದಕ್ಕೆ ಇವುಗಳ ಜೊತೆಗೆ ರಂಜಕವನ್ನೂ ಹಾಕಿದರು. ರಂಜಕ ಬಿದ್ದ ಭಾಗ ಮಾತ್ರ ಹಸಿರಾಯಿತು. ಮುಂದಿನ ನಮ್ಮ ಚರ್ಚೆಗೆ ಬೇಕಾದ ಎರಡು ಅಂಶಗಳು ಇಲ್ಲಿಯೇ ಇವೆ: ಅತಿಪೋಷಣೆಯ ಕೀಲು ರಂಜಕದಲ್ಲಿದೆ, ಮತ್ತು ಅತಿಪೋಷಿತ ಸರೋವರ ವಾಯುಮಂಡಲದೊಡನೆ ಇಂಗಾಲದ ವ್ಯವಹಾರವನ್ನು ನಡೆಸುತ್ತದೆ. ಮೊದಲನೆಯ ಅಂಶವನ್ನು ಲೋಕ ಕೂಡಲೇ ಹಿಡಿಯಿತು. ಎರಡನೆಯದು ಎರಡು ದಶಕಗಳ ಕಾಲ ಬದಿಗೆ ಉಳಿಯಿತು.

ರಂಜಕದ ಸಿದ್ಧಾಂತಕ್ಕೆ ಪ್ರತ್ಯಕ್ಷ ಸಮರ್ಥನೆ ಅಮೆರಿಕದ ಸಿಯಾಟಲ್ ನಗರದ ವಾಷಿಂಗ್ಟನ್ ಸರೋವರದಲ್ಲಿ ದೊರೆಯಿತು. ಎಡ್‌ಮಂಡ್‌ಸನ್ ಅವರು ದೀರ್ಘಕಾಲ ಅಭ್ಯಾಸಮಾಡಿದ ಈ ಸರೋವರಕ್ಕೆ ಬೀಳುತ್ತಿದ್ದ ಕೊಳಚೆನೀರನ್ನು ಬೇರೆಡೆಗೆ ತಿರುಗಿಸುವ ಕೆಲಸ ೧೯೬೩ರಲ್ಲಿ ಆರಂಭವಾಗಿ ೧೯೬೮ರಲ್ಲಿ ಮುಗಿಯಿತು. ನೀರು ಬೇಗನೆ ತಿಳಿಯಾಯಿತು. ಆದರೆ ವಾಷಿಂಗ್ಟನ್ ಸರೋವರ ಆಳವಾದುದು, ಅದರ ನೀರು ಬೇಗ ಬದಲಾಗತಕ್ಕದ್ದು. ಆಳವಿಲ್ಲದ ಸರೋವರಗಳ ಕಥೆ ಬೇರೆ. ಸ್ವೀಡನ್ನಿನ ಟ್ರುಮ್ಮೆನ್ ಸರೋವರಕ್ಕೆ ಕೊಳಚೆನೀರು ಬರುವುದು ೧೯೫೦ರ ದಶಕದ ಕೊನೆಯಲ್ಲಿಯೇ ನಿಂತಿತು. ಆದರೂ ಸರೋವರ ಚೇತರಿಸಲಿಲ್ಲ. ತಳದ ಕೆಸರಿನಲ್ಲಿ ಸೇರಿಹೋಗಿದ್ದ ರಂಜಕ ವರ್ಷ ವರ್ಷವೂ ನೀರಿಗೆ ಮರಳಿ ಬರುತ್ತಲೇ ಇತ್ತು. ೧೯೭೦ ಮತ್ತು ೧೯೭೧ರಲ್ಲಿ ಆ ಕೆಸರನ್ನು ಹೀರಿ ತೆಗೆದ ಮೇಲೆ ಮಾತ್ರ ಗುಣ ಕಂಡಿತು. ಯೆಪ್ಪೆಸೆನ್ ಮತ್ತು ಅನೇಕ ಸಹಲೇಖಕರು ೨೦೦೫ರಲ್ಲಿ ೩೫ ಸರೋವರಗಳ ದೀರ್ಘಕಾಲದ ದಾಖಲೆಗಳನ್ನು ಕೂಡಿಸಿ ನೋಡಿದಾಗ, ಹೊರಗಿನ ಪೋಷಕದ್ರವ್ಯವನ್ನು ತಗ್ಗಿಸಿದ ಮೇಲೆ ನೀರಿನ ರಂಜಕ ಹೊಸ ಸಮತೋಲಕ್ಕೆ ಬರಲು ಸಾಮಾನ್ಯವಾಗಿ ಹತ್ತರಿಂದ ಹದಿನೈದು ವರ್ಷ ಹಿಡಿಯುತ್ತದೆಂದು ತಿಳಿದುಬಂದಿತು.

ಈ ಸಂಶೋಧನೆಯ ಗುಣ ಅದರ ತಾಳ್ಮೆಯಲ್ಲಿದೆ. ಒಂದೇ ಸರೋವರವನ್ನು ಮೊದಲು, ನಡುವೆ, ಅನಂತರ ಎಂದು ಮೂರು ಅವಸ್ಥೆಗಳಲ್ಲಿಯೂ ನೋಡುವ ಪದ್ಧತಿ ಅದರದು. ದೋಷವೆಂದರೆ ಅದು ಗುಣಕ್ಕೆ ಹಿಡಿದ ಅಳತೆಗೋಲು. ನೀರಿನಲ್ಲಿ ಇಳಿಬಿಟ್ಟ ಬಿಳಿಯ ಸೆಕ್ಕಿ ಬಿಲ್ಲೆ ಎಷ್ಟು ಆಳದವರೆಗೆ ಕಾಣುತ್ತದೆಂಬುದೇ ಬಹುಮಟ್ಟಿಗೆ ಆರೋಗ್ಯದ ಲಕ್ಷಣವಾಯಿತು. ಬಿಲ್ಲೆ ತಿಳಿಸುವುದು ನೀರಿನ ಸಮಾಚಾರ. ತಳದ ಕೆಸರಿನಲ್ಲಿ ಏನು ನಡೆಯುತ್ತಿದೆಯೆಂಬುದನ್ನು ಅದು ತಿಳಿಸಲಾರದು.

೩

ಎರಡನೆಯ ಮಾರ್ಗದ ಮೂಲವನ್ನು ಹುಡುಕುತ್ತ ಹೋದರೆ ೧೭೭೬ಕ್ಕೆ ಬರುತ್ತೇವೆ. ಆ ವರ್ಷ ಅಲೆಸ್ಸಾಂಡ್ರೊ ವೋಲ್ಟ ಇಟಲಿಯ ಮಜ್ಜೋರೆ ಸರೋವರದ ದಡದ ಜೌಗಿನಲ್ಲಿ ಕೆಸರನ್ನು ಕಲಕಿ, ಮೇಲೆದ್ದ ಗುಳ್ಳೆಗಳನ್ನು ಸೀಸೆಯಲ್ಲಿ ಹಿಡಿದು, ಆ ಗಾಳಿ ಉರಿಯುವುದನ್ನು ಕಂಡನು. ನಾವು ಇಂದು ಮೀಥೇನ್ ಎನ್ನುವುದು ಅದನ್ನೇ. ಆಮ್ಲಜನಕವಿಲ್ಲದ ಕೆಸರಿನಲ್ಲಿ ಸತ್ತ ಪಾಚಿಯೂ ಎಲೆಕಸವೂ ಕೊಳೆಯುವಾಗ ಕೆಲವು ಸೂಕ್ಷ್ಮಜೀವಿಗಳು ಈ ಅನಿಲವನ್ನು ಉಂಟುಮಾಡುತ್ತವೆ. ಅದು ನೀರಿನಲ್ಲಿ ಕರಗಿ ನಿಧಾನವಾಗಿ ಮೇಲೇರಿದರೆ, ದಾರಿಯಲ್ಲಿ ಆಮ್ಲಜನಕವಿರುವ ಪದರದಲ್ಲಿ ಬೇರೆ ಸೂಕ್ಷ್ಮಜೀವಿಗಳು ಅದರ ಬಹುಭಾಗವನ್ನು ತಿಂದು ಇಂಗಾಲದ ಡೈಆಕ್ಸೈಡ್ ಆಗಿ ಮಾರ್ಪಡಿಸುತ್ತವೆ. ಗುಳ್ಳೆಯಾಗಿ ಎದ್ದರೆ ಈ ಸುಂಕದ ಕಟ್ಟೆಯನ್ನು ತಪ್ಪಿಸಿಕೊಂಡು ನೇರವಾಗಿ ಗಾಳಿಗೆ ಸೇರುತ್ತದೆ. ನೀರು ಆಳವಿಲ್ಲದಷ್ಟೂ ಗುಳ್ಳೆಯ ದಾರಿ ಸುಗಮ. ಆಳವಿಲ್ಲದ, ಬೆಚ್ಚಗಿನ, ಪಾಚಿ ತುಂಬಿದ ಸರೋವರಗಳು ಮೀಥೇನಿನ ದೊಡ್ಡ ಮೂಲಗಳಾಗಿರುವುದು ಈ ಕಾರಣದಿಂದಲೇ.

ಸರೋವರಗಳನ್ನು ಭೂಮಂಡಲದ ಇಂಗಾಲಚಕ್ರದಲ್ಲಿ ಎಣಿಸುವ ಪ್ರಯತ್ನ ಇದಕ್ಕಿಂತ ಬಹಳ ಈಚಿನದು. ಕೋಲ್ ಮತ್ತು ಸಹಚರರು ೧೯೯೪ರಲ್ಲಿ ೧,೮೩೫ ಸರೋವರಗಳ ದಾಖಲೆಗಳನ್ನು ಪರಿಶೀಲಿಸಿ, ಅವುಗಳ ಮೇಲ್ನೀರಿನ ಮಾದರಿಗಳಲ್ಲಿ ಶೇಕಡ ೮೭ರಷ್ಟು ಇಂಗಾಲದ ಡೈಆಕ್ಸೈಡಿನಿಂದ ಅತಿಸಂತೃಪ್ತವಾಗಿವೆಯೆಂದು ತೋರಿಸಿದರು. ಅದೇ ತಂಡದ ೨೦೦೭ರ ಲೇಖನ ಇನ್ನೂ ಮುಂದೆ ಹೋಯಿತು: ನೆಲದಿಂದ ಒಳನಾಡಿನ ನೀರಿಗೆ ವರ್ಷಕ್ಕೆ ಸುಮಾರು ೧೯೦ ಕೋಟಿ ಟನ್ ಇಂಗಾಲ ಬಂದು ಸೇರುತ್ತದೆ, ಅದರಲ್ಲಿ ಸುಮಾರು ೨೦ ಕೋಟಿ ಟನ್ ತಳದಲ್ಲಿ ಹೂತುಹೋಗುತ್ತದೆ, ೮೦ ಕೋಟಿಗೆ ಕಡಮೆಯಿಲ್ಲದಷ್ಟು ಗಾಳಿಗೆ ಮರಳುತ್ತದೆ, ಉಳಿದ ೯೦ ಕೋಟಿ ಸಮುದ್ರಕ್ಕೆ ಹೋಗುತ್ತದೆ. ನದಿಯನ್ನೂ ಸರೋವರವನ್ನೂ ಇಂಗಾಲವನ್ನು ಸಾಗಿಸುವ ಬರಿಯ ಕೊಳವೆಗಳೆಂದು ತಿಳಿದಿದ್ದ ಭಾವನೆ ಅಲ್ಲಿಗೆ ಬಿದ್ದುಹೋಯಿತು. ೨೦೧೧ರಲ್ಲಿ ಬಾಸ್ಟ್‌ವೀಕನ್ ಮೊದಲಾದವರು ೪೭೪ ಸಿಹಿನೀರಿನ ನೆಲೆಗಳ ಅಳತೆಗಳನ್ನು ಕೂಡಿಸಿ, ಒಳನಾಡಿನ ನೀರಿನಿಂದ ವರ್ಷಕ್ಕೆ ೧೦.೩ ಕೋಟಿ ಟನ್ ಮೀಥೇನ್ ಹೊರಡುತ್ತದೆಂದೂ, ಅದರ ತಾಪಪರಿಣಾಮ ಭೂಭಾಗ ಹೀರುವ ಇಂಗಾಲದ ಕಾಲುಭಾಗವನ್ನು ಸರಿಗಟ್ಟುತ್ತದೆಂದೂ ಅಂದಾಜು ಮಾಡಿದರು.

ಈ ಮಾರ್ಗದ ಗುಣ ಅದರ ವ್ಯಾಪ್ತಿಯಲ್ಲಿದೆ. ಹಿಂದೆ ಲೆಕ್ಕಕ್ಕೆ ಬಾರದಿದ್ದುದನ್ನು ಅದು ಲೆಕ್ಕಕ್ಕೆ ತಂದಿತು. ಆದರೆ ಇದರ ಪದ್ಧತಿ ಮೊದಲನೆಯದಕ್ಕೆ ನೇರವಾಗಿ ವಿರುದ್ಧವೆಂಬುದನ್ನು ವಾಚಕರು ಗಮನಿಸಬೇಕು. ಅಲ್ಲಿ ಒಂದು ಸರೋವರವನ್ನು ಅನೇಕ ವರ್ಷ ನೋಡಿದರು. ಇಲ್ಲಿ ಅನೇಕ ಸರೋವರಗಳನ್ನು ಬಹುಮಟ್ಟಿಗೆ ಅಲ್ಪಕಾಲ ನೋಡಿ ಕೂಡಿಸಿದರು.

೪

ಈ ಎರಡು ಮಾರ್ಗಗಳು ಕೂಡುವ ಸ್ಥಳವನ್ನು ಈಗ ಪರಿಶೀಲಿಸಬಹುದು. ಡೆಲ್‌ಸಾಂಟ್ರೊ, ಬೊಲ್ಯೂ, ಡೌನಿಂಗ್ ಎಂಬ ಮೂವರು ೨೦೧೮ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಸರೋವರದ ವಿಸ್ತೀರ್ಣಕ್ಕೂ ಪಾಚಿಯ ಹಸಿರುದ್ರವ್ಯದ ಪ್ರಮಾಣಕ್ಕೂ ಅನಿಲ ಹೊರಡುವ ಪ್ರಮಾಣಕ್ಕೂ ಇರುವ ಸಂಬಂಧವನ್ನು ನಿರ್ಧರಿಸಲಾಯಿತು. ಮರುವರ್ಷ ಅದೇ ಮೂವರು ಆ ಸಂಬಂಧವನ್ನು ಮುಂದಿನ ಕಾಲಕ್ಕೆ ಅನ್ವಯಿಸಿ, ಅತಿಪೋಷಣೆ ಹೀಗೆಯೇ ಹೆಚ್ಚಿದರೆ ಈ ಶತಮಾನದಲ್ಲಿ ಸರೋವರ ಮತ್ತು ಜಲಾಶಯಗಳ ಮೀಥೇನ್ ಶೇಕಡ ೩೦ರಿಂದ ೯೦ರವರೆಗೆ ಹೆಚ್ಚಬಹುದೆಂದು ಹೇಳಿದರು. ಇದರಿಂದ ಹೊರಡುವ ತೀರ್ಮಾನ ಸಹಜವಾಗಿಯೇ ಇದೆ: ಪೋಷಕದ್ರವ್ಯವನ್ನು ತಡೆದರೆ ಮೀಥೇನೂ ತಡೆಯಲ್ಪಡುತ್ತದೆ.

ಈ ತೀರ್ಮಾನದ ಮೊದಲರ್ಧವನ್ನು, ಎಂದರೆ ಪೋಷಣೆ ಹೆಚ್ಚಿದರೆ ಮೀಥೇನ್ ಹೆಚ್ಚುವುದೆಂಬುದನ್ನು, ಒಪ್ಪುವುದಕ್ಕೆ ಸಾಕಷ್ಟು ಆಧಾರವಿದೆ. ಡೆನ್ಮಾರ್ಕಿನಲ್ಲಿ ಬಹುವರ್ಷಗಳಿಂದ ನಡೆಯುತ್ತಿರುವ ತೊಟ್ಟಿಗಳ ಪ್ರಯೋಗದಲ್ಲಿ ಡೇವಿಡ್‌ಸನ್ ಮೊದಲಾದವರು ೨೦೧೮ರಲ್ಲಿ ತೋರಿಸಿದಂತೆ, ಶಾಖವೂ ಪೋಷಕದ್ರವ್ಯವೂ ಜೊತೆಗೂಡಿದಾಗ ಗುಳ್ಳೆಗಳ ಮೂಲಕ ಹೊರಡುವ ಮೀಥೇನ್, ಒಂದೊಂದರಿಂದ ಪ್ರತ್ಯೇಕವಾಗಿ ಆಗುವ ಹೆಚ್ಚಳಕ್ಕಿಂತ ಬಹಳವಾಗಿ ಏರುತ್ತದೆ. ಅದು ನಿಯಂತ್ರಿತ ಪ್ರಯೋಗ. ಅದರ ಸಾಕ್ಷ್ಯಕ್ಕೆ ಬೆಲೆ ಹೆಚ್ಚು.

ಆದರೆ ಉತ್ತರಾರ್ಧದಲ್ಲಿ ಒಂದು ಮೆಟ್ಟಿಲು ತಪ್ಪಿದೆ. ಇಂದು ಬೇರೆಬೇರೆ ಸ್ಥಿತಿಯಲ್ಲಿರುವ ಸರೋವರಗಳನ್ನು ಸಾಲಾಗಿ ನಿಲ್ಲಿಸಿ, ಹೆಚ್ಚು ಪಾಚಿಯ ಸರೋವರದಿಂದ ಕಡಮೆ ಪಾಚಿಯ ಸರೋವರಕ್ಕೆ ಗೆರೆ ಎಳೆದು, ಒಂದು ಸರೋವರ ಗುಣವಾಗುವಾಗ ಇದೇ ಗೆರೆಯ ಮೇಲೆ ಹಿಂದಕ್ಕೆ ನಡೆಯುತ್ತದೆಂದು ಹೇಳುವುದು, ದೇಶವನ್ನು ಕಾಲದ ಸ್ಥಾನದಲ್ಲಿ ಇಟ್ಟಂತೆ. ಎಂದೂ ಕೆಡದೆ ಇದ್ದ ತಿಳಿಯಾದ ಸರೋವರವೂ, ಐವತ್ತು ವರ್ಷ ಕೆಟ್ಟು ನಿನ್ನೆ ತಿಳಿಯಾದ ಸರೋವರವೂ ನೀರಿನ ಮೇಲಿನಿಂದ ನೋಡಿದರೆ ಒಂದೇ, ತಳದಲ್ಲಿ ಒಂದಲ್ಲ. ಎರಡನೆಯದರಲ್ಲಿ ದಶಕಗಳ ಪಾಚಿಯ ಶೇಷ ಕೆಸರಾಗಿ ಕುಳಿತಿದೆ. ಟ್ರುಮ್ಮೆನ್ ಸರೋವರ ರಂಜಕದ ವಿಷಯದಲ್ಲಿ ಕಲಿಸಿದ ಪಾಠವನ್ನು ಮೀಥೇನಿನ ವಿಷಯದಲ್ಲಿ ಮರೆಯುವುದಕ್ಕೆ ಕಾರಣವಿಲ್ಲ. ನೀರಿನ ರಂಜಕವೇ ಸಮತೋಲಕ್ಕೆ ಬರಲು ಹತ್ತು ಹದಿನೈದು ವರ್ಷ ಬೇಕಾದರೆ, ಕೆಸರಿನೊಳಗಿನ ಜೀರ್ಣಕ್ರಿಯೆ ನೀರು ತಿಳಿಯಾದ ದಿನವೇ ನಿಲ್ಲುವುದೆಂದು ನಿರೀಕ್ಷಿಸುವಂತಿಲ್ಲ.

ಈ ಕೊರತೆಯನ್ನು ತುಂಬುವ ಕೆಲಸ ಆರಂಭವಾಗಿಲ್ಲವೆಂದಲ್ಲ. ನೈಮನ್ ಮತ್ತು ಸಂಗಡಿಗರು ೨೦೨೨ರಲ್ಲಿ ಪ್ರಕಟಿಸಿದ ಅಧ್ಯಯನ, ಆಳವಿಲ್ಲದ ಸರೋವರಗಳಲ್ಲಿ ರಂಜಕವನ್ನು ಹಿಡಿದಿಡುವುದರಿಂದಲೂ ಕೆಸರನ್ನು ತೆಗೆಯುವುದರಿಂದಲೂ ಮೀಥೇನ್ ಕಡಮೆಯಾಗುತ್ತದೆಂದು ಹೇಳುತ್ತದೆ. ಇದು ಸರಿಯಾದ ದಿಕ್ಕಿನ ಹೆಜ್ಜೆ. ಏಕೆಂದರೆ ಇಲ್ಲಿ ಕ್ರಿಯೆಯನ್ನು ನಡೆಸಿ ಪರಿಣಾಮವನ್ನು ಅಳೆದಿದ್ದಾರೆ. ಇಂತಹ ಅಧ್ಯಯನಗಳು ಇಡಿಯ ಸರೋವರಗಳ ಮೇಲೆ, ಎಡ್‌ಮಂಡ್‌ಸನ್ನರ ತಾಳ್ಮೆಯಿಂದ, ನಡೆಯಬೇಕು. ಅಷ್ಟರ ತನಕ ಜಾಗತಿಕ ಗೆರೆಯಿಂದ ಒಂದು ನಿರ್ದಿಷ್ಟ ಸರೋವರದ ಉಳಿತಾಯವನ್ನು ಟನ್ನುಗಳಲ್ಲಿ ಹೇಳುವುದು ಸಾಧುವಾಗದು.

೫

ಎರಡನೆಯ ಆಕ್ಷೇಪ ಅಳತೆಯನ್ನು ಕುರಿತದ್ದು. ಕರಗಿದ ಅನಿಲ ನಿಧಾನವಾಗಿ ಏರುವುದನ್ನು ಅಳೆಯುವುದು ಸುಲಭ. ಗುಳ್ಳೆಗಳನ್ನು ಹಿಡಿಯುವುದು ಕಷ್ಟ. ಗುಳ್ಳೆ ಇಂದು ಇಲ್ಲಿ ಏಳುತ್ತದೆ, ನಾಳೆ ಅಲ್ಲಿ ಏಳುತ್ತದೆ; ವಾಯುಭಾರ ಇಳಿದಾಗ ಒಮ್ಮೆಗೇ ಏಳುತ್ತದೆ; ನೀರಿನ ಮಟ್ಟ ತಗ್ಗಿದಾಗ ಹೆಚ್ಚುತ್ತದೆ. ಒಂದು ಪೆಟ್ಟಿಗೆಯನ್ನು ನೀರಿನ ಮೇಲೆ ಅರ್ಧ ಗಂಟೆ ತೇಲಬಿಟ್ಟು ಬಂದವರಿಗೆ ಅದು ಸಿಕ್ಕಿದರೆ ಅಂಕಿ ವಿಪರೀತ ಹೆಚ್ಚು, ಸಿಕ್ಕದಿದ್ದರೆ ವಿಪರೀತ ಕಡಮೆ. ಇದಲ್ಲದೆ ಅಳತೆಗಾರರು ಹಗಲಿನಲ್ಲಿ ದೋಣಿ ಹತ್ತುತ್ತಾರೆ. ಹಗಲಿಗೂ ಇರುಳಿಗೂ ಮೀಥೇನಿನ ಪ್ರಮಾಣದಲ್ಲಿ ವ್ಯತ್ಯಾಸವಿದೆಯೆಂದೂ, ಹಗಲಿನ ಅಂಕಿಯನ್ನೇ ದಿನಕ್ಕೆಲ್ಲ ಹಿಡಿದರೆ ಲೆಕ್ಕ ಹೆಚ್ಚಾಗುತ್ತದೆಂದೂ ಸಿಯೆಚ್ಕೊ ಮೊದಲಾದವರು ೨೦೨೦ರಲ್ಲಿ ಸ್ವೀಡನ್ನಿನ ಸರೋವರಗಳಿಂದ ತೋರಿಸಿದ್ದಾರೆ.

ಇದರ ಪರಿಣಾಮ ಜಾಗತಿಕ ಮೊತ್ತದಲ್ಲಿ ಕಾಣುತ್ತದೆ. ೨೦೧೧ರ ಅಂದಾಜಿನಲ್ಲಿ ಸರೋವರಗಳ ಪಾಲು ಸುಮಾರು ೭.೨ ಕೋಟಿ ಟನ್ ಮೀಥೇನ್. ೨೦೨೨ರಲ್ಲಿ ಜಾನ್ಸನ್ ಮತ್ತು ಸಂಗಡಿಗರು ಋತುಭೇದವನ್ನೂ ಸರೋವರಗಳ ವಿಸ್ತೀರ್ಣವನ್ನೂ ಬೇರೆ ರೀತಿಯಲ್ಲಿ ಎಣಿಸಿದಾಗ ಅದು ಸುಮಾರು ೪.೨ ಕೋಟಿ ಟನ್ನಿಗೆ ಇಳಿಯಿತು. ಹನ್ನೊಂದು ವರ್ಷಗಳಲ್ಲಿ ಸರೋವರಗಳು ಬದಲಾಗಲಿಲ್ಲ. ಎಣಿಕೆಯ ಕ್ರಮ ಬದಲಾಯಿತು. ಸಣ್ಣ ಕೊಳವನ್ನು ಒಬ್ಬರು ಸರೋವರದ ಪಟ್ಟಿಯಲ್ಲಿಯೂ ಇನ್ನೊಬ್ಬರು ಜೌಗುನೆಲದ ಪಟ್ಟಿಯಲ್ಲಿಯೂ ಬರೆದರೆ ಒಂದೇ ಅನಿಲ ಎರಡು ಸಲ ಲೆಕ್ಕಕ್ಕೆ ಬರುತ್ತದೆಂಬ ಎಚ್ಚರಿಕೆಯೂ ಇದೆ. ಶಾಸ್ತ್ರದಲ್ಲಿ ಅಂಕಿಗಳು ಹೀಗೆ ತಿದ್ದಿಕೊಳ್ಳುವುದು ದೋಷವಲ್ಲ, ಆರೋಗ್ಯದ ಲಕ್ಷಣವೇ ಸರಿ. ಆದರೆ ಇಷ್ಟು ಅಲುಗಾಡುವ ಮೊತ್ತವನ್ನು ಸರೋವರಕ್ಕಿಷ್ಟು ಎಂದು ಹಂಚಿ, ಅದರ ಮೇಲೆ ಹಣದ ವ್ಯವಹಾರ ಕಟ್ಟುವುದು ಅವಸರದ ಕೆಲಸ.

೬

ಮೂರನೆಯ ಪ್ರಶ್ನೆ ಎಲ್ಲಕ್ಕಿಂತ ತೊಡಕಿನದು: ಎರಡು ಅನಿಲಗಳ ಲೆಕ್ಕ ಒಂದಕ್ಕೊಂದು ವಿರೋಧವಾಗಿ ನಿಲ್ಲುವುದು. ಪಾಚಿ ಬೆಳೆಯುವಾಗ ಇಂಗಾಲದ ಡೈಆಕ್ಸೈಡನ್ನು ಹೀರುತ್ತದೆ. ಡೇನಿಯಲ್ ಷಿಂಡ್ಲರ್, ಕಾರ್ಪೆಂಟರ್ ಮೊದಲಾದವರು ೧೯೯೭ರಲ್ಲಿ ಪ್ರಕಟಿಸಿದ ಪ್ರಯೋಗ ಇದಕ್ಕೆ ನಿದರ್ಶನ. ಪೋಷಕದ್ರವ್ಯ ಹಾಕಿದ ಸರೋವರಗಳಲ್ಲಿ, ಸಣ್ಣ ಮೀನುಗಳು ಪ್ರಬಲವಾಗಿದ್ದಲ್ಲಿ ಅವು ಜಂತುಪ್ಲವಕಗಳನ್ನು ತಿಂದುಹಾಕಿದ್ದರಿಂದ ಪಾಚಿ ನಿರಾತಂಕವಾಗಿ ಬೆಳೆದು ಸರೋವರ ಗಾಳಿಯಿಂದ ಇಂಗಾಲವನ್ನು ಎಳೆದುಕೊಂಡಿತು. ದೊಡ್ಡ ಬೇಟೆಮೀನುಗಳಿದ್ದಲ್ಲಿ ಪಾಚಿ ಮೇಯಲ್ಪಟ್ಟು ಸರೋವರ ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಲೇ ಉಳಿಯಿತು. ಬೇಟೆಮೀನುಗಳನ್ನು ಬಿಟ್ಟು ನೀರನ್ನು ತಿಳಿಗೊಳಿಸುವುದು ಪುನರುಜ್ಜೀವನದ ಪ್ರಸಿದ್ಧ ಉಪಾಯಗಳಲ್ಲಿ ಒಂದು. ಹಾಗಾದರೆ ಆ ಉಪಾಯ ಇಂಗಾಲದ ಲೆಕ್ಕದಲ್ಲಿ ನಷ್ಟವೆ? ಇದಕ್ಕೆ ಜೊತೆಯಾಗಿ, ಮಾನವನಿಂದ ಹೆಚ್ಚಿದ ಪೋಷಕದ್ರವ್ಯದಿಂದ ಸರೋವರಗಳ ತಳದಲ್ಲಿ ಹೂತುಹೋಗುವ ಇಂಗಾಲವೂ ಹೆಚ್ಚಿದೆಯೆಂದು ಆ್ಯಂಡರ್ಸನ್ ಮತ್ತು ಸಹಲೇಖಕರು ೨೦೨೦ರಲ್ಲಿ ತೋರಿಸಿದರು. ಅತಿಪೋಷಣೆಯ ಪಕ್ಷದಲ್ಲಿ ವಾದಿಸಬೇಕೆನ್ನುವವರಿಗೆ ಇದರಿಂದ ಆಯುಧ ಸಿಕ್ಕಿದಂತೆ ತೋರುತ್ತದೆ.

ತೂಕ ಹಾಕಿ ನೋಡಿದರೆ ಆ ಆಯುಧ ಮೊಂಡಾಗುತ್ತದೆ. ನೂರು ವರ್ಷಗಳ ಅವಧಿಯಲ್ಲಿ, ಜೈವಿಕ ಮೂಲದ ಒಂದು ಕಿಲೋಗ್ರಾಂ ಮೀಥೇನಿನ ತಾಪಶಕ್ತಿ ಒಂದು ಕಿಲೋಗ್ರಾಂ ಇಂಗಾಲದ ಡೈಆಕ್ಸೈಡಿನ ತಾಪಶಕ್ತಿಗೆ ಸುಮಾರು ೨೭ರಷ್ಟು ಎಂಬುದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಮಂಡಳಿಯ ೨೦೨೧ರ ವರದಿಯ ಅಂಕಿ. ಸರೋವರ ಹತ್ತು ಗ್ರಾಂ ಇಂಗಾಲವನ್ನು ಹೀರಿತೆಂದು ಇಟ್ಟುಕೊಳ್ಳೋಣ, ಅದು ೩೬.೭ ಗ್ರಾಂ ಇಂಗಾಲದ ಡೈಆಕ್ಸೈಡಿಗೆ ಸಮ. ಅದರಲ್ಲಿ ಒಂದು ಗ್ರಾಂ ಇಂಗಾಲ ಮಾತ್ರ ಮೀಥೇನಾಗಿ ಹೊರಬಿದ್ದರೆ, ಆ ಮೀಥೇನಿನ ತೂಕ ೧.೩೩ ಗ್ರಾಂ, ಅದರ ತಾಪಬೆಲೆ ೩೬ ಗ್ರಾಂ. ಎಂದರೆ ಹೀರಿದ ಇಂಗಾಲದ ಹತ್ತರಲ್ಲಿ ಒಂದು ಪಾಲು ಮೀಥೇನಾಗಿ ತಪ್ಪಿಸಿಕೊಂಡರೆ, ಉಳಿದ ಒಂಬತ್ತು ಪಾಲು ಭದ್ರವಾಗಿ ಹೂತಿದ್ದರೂ ಲಾಭವೆಲ್ಲ ಮುಗಿದಂತೆ. ಇಪ್ಪತ್ತು ವರ್ಷಗಳ ಅವಧಿಯನ್ನು ತೆಗೆದುಕೊಂಡರೆ ಮೀಥೇನಿನ ಭಾರ ಇನ್ನೂ ಮೂರರಷ್ಟಾಗುತ್ತದೆ. ಆದುದರಿಂದ ಬರಿಯ ಇಂಗಾಲದ ಡೈಆಕ್ಸೈಡನ್ನು ಅಳೆದು, ಅತಿಪೋಷಿತ ಸರೋವರ ವಾಯುಮಂಡಲಕ್ಕೆ ಉಪಕಾರಿಯೆಂದು ಬರೆಯುವ ಪ್ರಬಂಧ ಅರ್ಧ ಲೆಕ್ಕದ ಪ್ರಬಂಧ. ಅದೇ ನ್ಯಾಯದಿಂದ, ಬರಿಯ ಮೀಥೇನನ್ನು ಅಳೆದು ಪುನರುಜ್ಜೀವನದ ಲಾಭವನ್ನು ಹೇಳುವುದೂ ಅರ್ಧ ಲೆಕ್ಕವೇ. ಡೈಆಕ್ಸೈಡ್, ಮೀಥೇನ್, ತಳದಲ್ಲಿ ಹೂತುದು, ಈ ಮೂರನ್ನೂ ಒಂದೇ ಸರೋವರದಲ್ಲಿ ಒಂದೇ ಕಾಲದಲ್ಲಿ ಅಳೆದ ಅಧ್ಯಯನಕ್ಕೆ ನಾವು ಹೆಚ್ಚಿನ ಮನ್ನಣೆ ಕೊಡಬೇಕು.

೭

ಇದುವರೆಗೆ ಹೇಳಿದ ಅಧ್ಯಯನಗಳಲ್ಲಿ ಬಹುಪಾಲು ಶೀತದೇಶಗಳವು. ಅವುಗಳ ಗೆರೆಗಳನ್ನು ನಮ್ಮ ನೀರಿಗೆ ಅನ್ವಯಿಸುವ ಮೊದಲು ನಮ್ಮ ಕಡೆಯ ಸಾಕ್ಷ್ಯವೇನೆಂದು ನೋಡುವುದು ಅಗತ್ಯ. ೨೦೧೪ರಲ್ಲಿ ಪನ್ನೀರ್ ಸೆಲ್ವಂ ಮತ್ತು ಸಹಲೇಖಕರು ದಕ್ಷಿಣ ಭಾರತದ ೪೫ ನೀರಿನ ನೆಲೆಗಳಲ್ಲಿ, ಎಂದರೆ ಕೆರೆ, ಕೊಳ, ನದಿ, ತೆರೆದ ಬಾವಿ, ಜಲಾಶಯ, ಕಾಲುವೆ ಮೊದಲಾದವುಗಳಲ್ಲಿ, ಅಳತೆ ಮಾಡಿ, ಭಾರತದ ಒಳನಾಡಿನ ನೀರಿನಿಂದ ವರ್ಷಕ್ಕೆ ೨೧ ಲಕ್ಷ ಟನ್ ಮೀಥೇನ್ ಮತ್ತು ೨.೨ ಕೋಟಿ ಟನ್ ಇಂಗಾಲದ ಡೈಆಕ್ಸೈಡ್ ಹೊರಡುತ್ತದೆಂದು ಅಂದಾಜು ಮಾಡಿದರು. ಎರಡರ ಒಟ್ಟು ತಾಪಬೆಲೆ, ಅವರ ಎಣಿಕೆಯಲ್ಲಿ, ಭಾರತದ ನೆಲ ಹೀರುವ ಇಂಗಾಲದ ಶೇಕಡ ೪೨ಕ್ಕೆ ಸಮ. ಅದರ ಮಿತಿ ಶೇಕಡ ೩೦ರಿಂದ ೫೫. ಇದು ಉಪಯುಕ್ತವಾದ, ಧೈರ್ಯದ ಕೆಲಸ. ಆದರೆ ಅವರೇ ಕೊಟ್ಟಿರುವ ಅಂಕಿಯನ್ನು ವಿದ್ಯಾರ್ಥಿಗಳು ನಿಧಾನವಾಗಿ ಓದಬೇಕು: ಚದರ ಮೀಟರಿಗೆ ದಿನಕ್ಕೆ ಹೊರಡುವ ಮೀಥೇನಿನ ಸರಾಸರಿ ೭.೮ ಮಿಲಿಮೋಲ್, ಪ್ರಮಾಣವಿಚಲನೆ ೧೨.೭. ಸರಾಸರಿಗಿಂತ ಹರಹು ದೊಡ್ಡದು. ಒಂದು ಕೆರೆಗೂ ಪಕ್ಕದ ಕೆರೆಗೂ ಅಷ್ಟು ಅಂತರವಿರುವಾಗ, ನಮ್ಮ ಊರಿನ ಕೆರೆಯ ಅಂಕಿಯನ್ನು ದೇಶದ ಸರಾಸರಿಯಿಂದ ಪಡೆಯಲು ಬಾರದು. ಅಲ್ಲಿಗೇ ಹೋಗಿ ಅಳೆಯಬೇಕು.

೨೦೧೬ರಲ್ಲಿ ಆಟರ್‌ಮೇಯರ್ ಮತ್ತು ಸಂಗಡಿಗರು ದಕ್ಷಿಣ ಭಾರತದ ೦.೬ ಚದರ ಕಿಲೋಮೀಟರ್ ವಿಸ್ತೀರ್ಣದ ಒಂದು ನೀರುಸಂಗ್ರಹದ ಕೆರೆಯಲ್ಲಿ ನಡೆಸಿದ ಅಧ್ಯಯನ ಇನ್ನೂ ಕುತೂಹಲಕರವಾದುದು. ನೇರಳೆ ಹೂವಿನ ಅಂತರಗಂಗೆ ಹಬ್ಬಿದ ಭಾಗದಲ್ಲಿ ಡೈಆಕ್ಸೈಡ್ ಮತ್ತು ಮೀಥೇನ್ ಹೊರಡುವುದು ತೆರೆದ ನೀರಿಗಿಂತ ಶೇಕಡ ೫೭ರಷ್ಟು ಕಡಮೆಯೆಂದು ಅವರು ಕಂಡರು. ನಮ್ಮಲ್ಲಿ ಕೆರೆ ಸರಿಪಡಿಸುವ ಕೆಲಸವೆಂದರೆ ಮೊದಲು ಮಾಡುವುದು ಈ ಕಳೆಯನ್ನು ಕಿತ್ತು ದಡಕ್ಕೆ ಹಾಕುವುದೇ. ಹಾಗಾದರೆ ಕಳೆ ಇದ್ದರೇ ಒಳ್ಳೆಯದೆ? ಅಧ್ಯಯನದ ಮಾತು ಅಷ್ಟು ದೂರ ಹೋಗುವುದಿಲ್ಲ, ನಾವೂ ಅದನ್ನು ಅಷ್ಟು ದೂರ 끌ೆಯಬಾರದು. ಅದು ಒಂದು ಕೆರೆಯ ಅಳತೆ. ಆ ಗಿಡ ಸತ್ತು ತಳಕ್ಕೆ ಇಳಿದು ಕೊಳೆತಾಗ ಆಗುವ ಅನಿಲ, ಅದರ ಹೊದಿಕೆಯ ಕೆಳಗೆ ಆಮ್ಲಜನಕ ತಗ್ಗಿ ಮೀನು ಸಾಯುವ ಸಂಗತಿ, ಇವು ಬೇರೆ ಲೆಕ್ಕಗಳು. ಆದರೂ ಕಳೆ ತೆಗೆದರೆ ಅನಿಲ ತಾನಾಗಿ ತಗ್ಗುತ್ತದೆಂಬ ಸುಲಭವಾದ ನಂಬಿಕೆಗೆ ಇದು ತಕ್ಕ ಉತ್ತರ.

ಕರ್ನಾಟಕದ ಕೆರೆಗಳಿಗೆ ಇನ್ನೆರಡು ವಿಶೇಷಗಳಿವೆ. ಮೊದಲನೆಯದು, ಅವು ಏರಿ ಕಟ್ಟಿ ನಿಲ್ಲಿಸಿದ ನೀರು, ಪ್ರಕೃತಿನಿರ್ಮಿತ ಸರೋವರಗಳಲ್ಲ. ಅಂತರಸರ್ಕಾರಿ ಮಂಡಳಿ ೨೦೧೯ರಲ್ಲಿ ಪರಿಷ್ಕರಿಸಿದ ಲೆಕ್ಕದ ಮಾರ್ಗದರ್ಶಿಯಲ್ಲಿ ಮನುಷ್ಯರು ನೀರು ನಿಲ್ಲಿಸಿದ ನೆಲದ ಮೀಥೇನಿಗೆ ಸ್ಥಾನ ದೊರೆತಿದೆ. ನೀರಿನ ಪೋಷಣಸ್ಥಿತಿಗೆ ತಕ್ಕ ಗುಣಕವನ್ನೂ ಅಲ್ಲಿ ಸೇರಿಸಿದೆ. ಎರಡನೆಯದು, ಅನೇಕ ಕೆರೆಗಳು ಬೇಸಗೆಯಲ್ಲಿ ಬತ್ತುತ್ತವೆ. ಕೆಲ್ಲರ್ ಮತ್ತು ಅನೇಕ ದೇಶಗಳ ಸಂಶೋಧಕರು ೨೦೨೦ರಲ್ಲಿ ೧೯೬ ಬತ್ತಿದ ನೆಲೆಗಳನ್ನು ಅಳೆದು, ಬತ್ತಿದ ತಳವೂ ಇಂಗಾಲದ ಡೈಆಕ್ಸೈಡನ್ನು ಬಿಡುತ್ತದೆಂದೂ, ಅದನ್ನು ಸೇರಿಸಿದರೆ ಒಳನಾಡಿನ ನೀರಿನ ಮೊತ್ತ ಶೇಕಡ ೬ರಷ್ಟು ಏರುತ್ತದೆಂದೂ ತೋರಿಸಿದ್ದಾರೆ. ನೀರಿದ್ದಾಗ ಮಾತ್ರ ಅಳೆದ ಲೆಕ್ಕ ನಮ್ಮ ಕೆರೆಗಳಿಗೆ ಪೂರ್ಣವಾಗದು.

ನಮ್ಮ ರೈತರು ಬತ್ತಿದ ಕೆರೆಯ ಗೋಡನ್ನು ಗಾಡಿಯಲ್ಲಿ ಹೇರಿ ಹೊಲಕ್ಕೆ ಹಾಕುತ್ತಿದ್ದ ಪದ್ಧತಿಯನ್ನು ಈ ದೃಷ್ಟಿಯಿಂದ ಮತ್ತೆ ವಿಚಾರಿಸಬಹುದು. ಅದರಿಂದ ರಂಜಕ ತಾನು ಬಂದ ಹೊಲಕ್ಕೇ ಮರಳುತ್ತಿತ್ತು. ಮೀಥೇನಿಗೆ ಆಹಾರವಾಗಬಹುದಾದ ದ್ರವ್ಯ ಕೆರೆಯಿಂದ ಹೊರಗೆ ಹೋಗುತ್ತಿತ್ತು. ಇಂದಿನ ನಗರದ ಕೆರೆಯ ಹೂಳಿನಲ್ಲಿ ಭಾರಲೋಹಗಳೂ ಸೇರಿರುವುದರಿಂದ ಅದೇ ಕ್ರಮ ಅಲ್ಲಿ ಸಲ್ಲದಿರಬಹುದು; ಆದರೆ ತೆಗೆದ ಹೂಳು ಎಲ್ಲಿಗೆ ಹೋಯಿತು, ಅಲ್ಲಿ ಅದರ ಇಂಗಾಲ ಏನಾಯಿತು ಎಂದು ಕೇಳದೆ ಹೂಳೆತ್ತುವಿಕೆಯ ಲಾಭವನ್ನು ಬರೆಯಲಾಗದು. ಕೊಳಚೆನೀರನ್ನು ಶುದ್ಧೀಕರಣ ಘಟಕದಿಂದ ಜೌಗುನೆಲಕ್ಕೆ ಹಾಯಿಸಿ ಅನಂತರ ಕೆರೆಗೆ ಬಿಡುವ ವ್ಯವಸ್ಥೆಯಲ್ಲಿಯೂ, ಬೆಂಗಳೂರಿನ ಜಕ್ಕೂರು ಕೆರೆ ಇದಕ್ಕೆ ಹೆಸರಾದುದು, ಇದೇ ಪ್ರಶ್ನೆಯನ್ನು ಕೇಳಬೇಕು. ಕೆರೆಯಲ್ಲಿ ತಗ್ಗಿದ ಮೀಥೇನ್ ಜೌಗುನೆಲದಲ್ಲಿ ಹೆಚ್ಚಿದರೆ ಅನಿಲ ಸ್ಥಳ ಬದಲಾಯಿಸಿತೇ ಹೊರತು ಕಡಮೆಯಾಗಲಿಲ್ಲ. ಅಂತಹ ವ್ಯವಸ್ಥೆ ಬೇಡವೆಂದು ಇದರ ಅರ್ಥವಲ್ಲ. ಲೆಕ್ಕದ ಎಲ್ಲೆಯನ್ನು ಕೆರೆಯ ಏರಿಯ ಬಳಿ ನಿಲ್ಲಿಸದೆ ಅಲ್ಲಿಗೂ ಒಯ್ಯಬೇಕೆಂದು ಅರ್ಥ.

ಬೆಳ್ಳಂದೂರು ಕೆರೆ ೨೦೧೭ರ ಫೆಬ್ರವರಿಯಲ್ಲಿ ಹೊತ್ತಿ ಉರಿದಾಗ, ಮೀಥೇನಿನ ಹೆಸರು ಜನಸಾಮಾನ್ಯರ ಬಾಯಲ್ಲಿಯೂ ಬಂದಿತು. ಉರಿಯುವುದು ಅಳತೆಯಲ್ಲ. ಅಲ್ಲಿ ಒಣಗಿದ ಕಳೆಯೂ ಕಸವೂ ಇದ್ದುವು. ಆದರೂ ನಗರದ ಕೊಳಚೆ ವರ್ಷಗಟ್ಟಲೆ ಹರಿದು ನಿಂತ ಕೆರೆ ನೀರಿನ ರೋಗವೊಂದರಿಂದಲೇ ನರಳುವುದಿಲ್ಲ, ಗಾಳಿಗೂ ಅದರ ರೋಗ ತಗಲುತ್ತದೆಂಬುದನ್ನು ಆ ಘಟನೆ ಎಲ್ಲರ ಮನಸ್ಸಿಗೆ ತಂದಿತು.

೮

ಇಷ್ಟು ವಿಚಾರದ ಮೇಲೆ ನಮ್ಮ ಅಭಿಪ್ರಾಯವನ್ನು ಹೀಗೆ ಸಂಗ್ರಹಿಸಬಹುದು. ಅತಿಪೋಷಣೆ ಮೀಥೇನನ್ನು ಹೆಚ್ಚಿಸುತ್ತದೆಂಬುದು ಸಿದ್ಧವಾದ ಮಾತು. ಪುನರುಜ್ಜೀವನ ಅದನ್ನು ತಗ್ಗಿಸುತ್ತದೆಂಬುದು ಬಲವಾದ ಸಂಭಾವನೆ. ಕೆಲವು ಪ್ರಯೋಗಗಳ ಬೆಂಬಲ ಅದಕ್ಕಿದೆ. ಯಾವ ಕೆರೆಯಲ್ಲಿ, ಯಾವ ಉಪಾಯದಿಂದ, ಎಷ್ಟು ವರ್ಷಕ್ಕೆ, ಎಷ್ಟು ತಗ್ಗುತ್ತದೆಂಬುದು ಇನ್ನೂ ಅಳೆದು ತಿಳಿಯಬೇಕಾದ ವಿಷಯ. ಈ ಮೂರು ಮೆಟ್ಟಿಲುಗಳನ್ನು ಒಂದಾಗಿ ಬೆರೆಸಿ ಹೇಳುವುದೇ ಈಚಿನ ಬರಹಗಳಲ್ಲಿ ನಾವು ಕಾಣುವ ಮುಖ್ಯ ದೋಷ.

ಕೆರೆಯನ್ನು ಸರಿಪಡಿಸುವುದಕ್ಕೆ ಕಾರಣ ಇಂಗಾಲದಲ್ಲಿಲ್ಲ. ಕುಡಿಯುವ ನೀರು, ಅಚ್ಚುಕಟ್ಟಿನ ಬೆಳೆ, ಅಂತರ್ಜಲ, ಮೀನು, ಹಕ್ಕಿ, ದಡದಲ್ಲಿ ಬಾಳುವ ಜನರ ಆರೋಗ್ಯ, ಇವು ಸಾಕಾದ ಕಾರಣಗಳು. ಇವಕ್ಕೆ ಹವಾಮಾನದ ಶಿಫಾರಸು ಬೇಕಾಗಿಲ್ಲ. ಅನಿಲದ ಲೆಕ್ಕಕ್ಕೆ ಸಲ್ಲುವ ಸ್ಥಾನ ಬೇರೊಂದು: ಕೆರೆ ನಿಜವಾಗಿ ಗುಣವಾಯಿತೇ ಎಂಬುದನ್ನು ಪರೀಕ್ಷಿಸುವ ಸಾಧನ ಅದು. ಸೆಕ್ಕಿ ಬಿಲ್ಲೆ ನೀರಿನ ಮೇಲ್ಪದರದ ಸಾಕ್ಷಿ. ಮೀಥೇನ್ ತಳದ ಸಾಕ್ಷಿ. ನೀರು ತಿಳಿಯಾಗಿಯೂ ಗುಳ್ಳೆಗಳು ಮೊದಲಿನಂತೆಯೇ ಏಳುತ್ತಿದ್ದರೆ, ರೋಗ ಇನ್ನೂ ಕೆಸರಿನಲ್ಲಿದೆಯೆಂದೋ, ರಾಜಕಾಲುವೆಯಿಂದ ಕೊಳಚೆ ಇನ್ನೂ ಬರುತ್ತಿದೆಯೆಂದೋ ತಿಳಿಯಬೇಕು.

ಈ ಕೆಲಸ ನಮ್ಮ ಕಾಲೇಜುಗಳ ಶಕ್ತಿಗೆ ಮೀರಿದುದೇನಲ್ಲ. ಗುಳ್ಳೆಗಳನ್ನು ಹಿಡಿಯಲು ತಲೆಕೆಳಗಾದ ಆಲಿಕೆಯೂ ಸೀಸೆಯೂ ಸಾಕು. ವೋಲ್ಟನಿಗಿದ್ದ ಸಲಕರಣೆ ಅದಕ್ಕಿಂತ ಹೆಚ್ಚಿನದಾಗಿರಲಿಲ್ಲ. ಹಿಡಿದ ಅನಿಲವನ್ನು ವಿಶ್ಲೇಷಿಸುವ ಯಂತ್ರ ಒಂದು ವಿಶ್ವವಿದ್ಯಾನಿಲಯದಲ್ಲಿದ್ದರೆ ಅನೇಕ ಕಾಲೇಜುಗಳಿಗೆ ಒದಗುತ್ತದೆ. ಕಠಿಣವಾದುದು ತಾಳ್ಮೆ. ಸರಿಪಡಿಸಲಿರುವ ಒಂದು ಕೆರೆಯನ್ನೂ, ಅದನ್ನು ಹೋಲುವ, ಸದ್ಯಕ್ಕೆ ಕೈಹಾಕದೆ ಬಿಡುವ ಇನ್ನೊಂದು ಕೆರೆಯನ್ನೂ ಆರಿಸಿಕೊಂಡು, ಕೆಲಸಕ್ಕೆ ಮೊದಲು ಎರಡು ವರ್ಷ, ಅನಂತರ ಹತ್ತು ವರ್ಷ, ಮಳೆಗಾಲ ಬೇಸಗೆಗಳೆರಡರಲ್ಲಿಯೂ, ಹಗಲೂ ಇರುಳೂ, ನೀರಿದ್ದಾಗಲೂ ಬತ್ತಿದಾಗಲೂ ಅಳೆಯುವ ಒಂದು ಕಾರ್ಯಕ್ರಮ ನಮ್ಮಲ್ಲಿ ನಡೆದರೆ, ಉಷ್ಣವಲಯದ ಸಣ್ಣ ಕೆರೆಗಳ ವಿಷಯದಲ್ಲಿ ಲೋಕಕ್ಕೆ ಇರುವ ದೊಡ್ಡ ಕೊರತೆಯನ್ನು ಅದು ಸ್ವಲ್ಪಮಟ್ಟಿಗೆ ತುಂಬೀತು. ಒಬ್ಬ ವಿದ್ಯಾರ್ಥಿಯ ಪದವಿಯ ಅವಧಿಗೆ ಅದು ಮುಗಿಯತಕ್ಕದ್ದಲ್ಲ. ವಿಭಾಗವೇ ಅದನ್ನು ತನ್ನ ವ್ರತವಾಗಿ ಹಿಡಿದು ತಂಡದಿಂದ ತಂಡಕ್ಕೆ ಒಪ್ಪಿಸುತ್ತ ಹೋಗಬೇಕು.